ಏಳೂವರೆಯ ನಗು

ಬೇರೆಯವರು ಬಿದ್ದಾಗ ನಗು ಬರುವುದು ತಪ್ಪೋ ಸರಿಯೋ ನನಗೆ ಗೊತ್ತಿಲ್ಲ. ನನಗಂತೂ ಬರುತ್ತದೆ. ಒಮ್ಮೆ ನಮ್ಮ ಆಫೀಸಿನ ಸೂಪರಿಂಟೆಂಡೆಂಟರು ಚಕ್ರವಿರುವ ಹೊಸ ಕುರ್ಚಿಯ ಮೇಲೆ ಗಂಭೀರವಾಗಿ ಕೂರಲು ಹೋಗಿ, ಕುರ್ಚಿ ಒಂದು ದಿಕ್ಕಿಗೆ ಅವರು ಒಂದು ದಿಕ್ಕಿಗೆ ಆದರು. ಓಡಿಹೋಗಿ ಎಬ್ಬಿಸಿದವರಿಗೆಲ್ಲ ಮುಂದೆ ಕಿಟಕಿ ಪಕ್ಕದ ಜಾಗ ಸಿಕ್ಕಿತು. ಫೈಲಿನ ಹಿಂದೆ ಮುಖ ಮರೆಸಿಕೊಂಡು ಭುಜ ಕುಣಿಸುತ್ತಿದ್ದ ನಾನು ರೆಕಾರ್ಡ್ ರೂಮಿನ ಧೂಳಿನಲ್ಲೇ ಉಳಿದೆ. ಅದಕ್ಕಾಗಿ ನನಗೆ ಬೇಸರವೇನೂ ಇಲ್ಲ. ಆ ದೃಶ್ಯವನ್ನು ನೆನೆಸಿಕೊಂಡರೆ ಈಗಲೂ ಧೂಳಿಗೆ ಬಂದ ಕೆಮ್ಮು ಹೋಗುತ್ತದೆ.

ಅಮ್ಮ ನನ್ನ ಹಾಗಲ್ಲ. ರಸ್ತೆಯಲ್ಲಿ ಯಾರಾದರೂ ಬಿದ್ದರೆ ಎಬ್ಬಿಸುವ ಗುತ್ತಿಗೆಯನ್ನು ತನಗೇ ಕೊಟ್ಟಿದ್ದಾರೆ ಎಂಬಂತೆ ಓಡುತ್ತಿದ್ದಳು. ಒಮ್ಮೆ ಚಿಕ್ಕಪ್ಪನ ಮಗಳ ಮದುವೆಗೆಂದು ಹೊರಟು ಶಿವಾಜಿನಗರದ ಬಸ್ ಸ್ಟ್ಯಾಂಡಿನಲ್ಲಿ ಇಳಿದೆವು. ಅಲ್ಲೊಬ್ಬ ಕುಡುಕ ಚರಂಡಿಯ ಅಂಚಿನಲ್ಲಿ ಉರುಳಿದ್ದ. ಅಮ್ಮ ರೇಷ್ಮೆ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಅವನಿಗೆ ಎಡಗೈ ಚಾಚಿದಳು. ಬಲಗೈಯಲ್ಲಿ ಉಡುಗೊರೆಯ ಸ್ಟೀಲ್ ಕೊಡಪಾನವಿತ್ತು. "ಏಳಪ್ಪ, ಏನೂ ಆಗಿಲ್ಲ" ಎಂದಳು. ನಾನು ಹಿಂದಿನಿಂದ ಅವಳ ಸೆರಗು ಹಿಡಿದು ಎಳೆಯುತ್ತಿದ್ದೆ. ಅವನು ಎದ್ದ, "ತಾಯೇ" ಎಂದು ಕೈಮುಗಿದ, ಮುಂದಿನ ಕಂಬದ ಹತ್ತಿರ ಮತ್ತೆ ಬಿದ್ದ. ಅಮ್ಮ ಮತ್ತೆ ಹೋದಳು. ಅವನನ್ನು ಒಂದು ಅಂಗಡಿಯ ಜಗಲಿಯ ಮೇಲೆ ಕೂರಿಸಿ, ಇನ್ನು ಬೀಳುವುದಿಲ್ಲ ಎಂದು ಅಡಿಯಿಂದ ಮುಡಿಯವರೆಗೆ ನೋಡಿ ಖಾತ್ರಿ ಮಾಡಿಕೊಂಡ ಮೇಲೆಯೇ ಹೊರಟಿದ್ದು. ನಾವು ಛತ್ರ ಮುಟ್ಟುವ ಹೊತ್ತಿಗೆ ತಾಳಿ ಕಟ್ಟಿ ಮುಗಿದಿತ್ತು, ಕೊನೆಯ ಪಂಕ್ತಿಗೆ ಹೋಳಿಗೆಯೂ ಉಳಿದಿರಲಿಲ್ಲ. ಹೋಳಿಗೆ ಹೋದದ್ದನ್ನು ನಾನು ಬಹಳ ವರ್ಷ ಆಡಿಕೊಂಡೆ.

ಆ ಅಮ್ಮನಿಗೆ ಲಕ್ವ ಹೊಡೆಯಿತು. ಬಲಗಡೆ ಪೂರ್ತಿ ಹೋಯಿತು, ಜೊತೆಗೆ ಮಾತೂ ಹೋಯಿತು. ಡಾಕ್ಟರು, "ಬಂದರೂ ಬರಬಹುದು, ಬರದೆಯೂ ಇರಬಹುದು" ಎಂದರು. ಇಷ್ಟು ಹೇಳಲು ಅಷ್ಟು ಓದಬೇಕಿತ್ತೇ ಎಂದು ನನಗೆ ಅನಿಸಿತು. ಹಲಸೂರಿನ ನಮ್ಮ ಬಾಡಿಗೆ ಮನೆಯಲ್ಲಿ ಇದ್ದದ್ದು ಒಂದು ಹಾಲ್, ಒಂದು ಕೋಣೆ, ಒಂದು ಅಡುಗೆಮನೆ. ಹಾಲಿನ ಒಂದು ಗೋಡೆಗೆ ಅಮ್ಮನ ಮಂಚ, ಎದುರು ಗೋಡೆಗೆ ಟಿವಿ, ನಡುವೆ ನಾವು. ಮನೆ ತುಂಬ ಮಾತಾಡುತ್ತಿದ್ದ ಹೆಂಗಸು ಸೂರು ನೋಡುತ್ತ ಸುಮ್ಮನೆ ಮಲಗಿದ್ದಳು. ನನ್ನ ಹೆಂಡತಿ ಲಲಿತಾ ಅಡುಗೆಮನೆಯಲ್ಲಿ ಬೇಕೆಂದೇ ಪಾತ್ರೆ ಸದ್ದು ಮಾಡುತ್ತಿದ್ದಳು. ಮೊದಲು ಇದೇ ಸದ್ದಿಗೆ ಅತ್ತೆ ಸೊಸೆಯರಿಗೆ ಜಗಳವಾಗುತ್ತಿತ್ತು. ಈಗ ಒಂದು ಜಗಳವಾದರೂ ಆಗಲಿ ಎಂದು ಅವಳ ಆಸೆ.

ಆಗ ನಮ್ಮ ಬೀದಿಗೆ ಕೇಬಲ್ ಬಂದ ಹೊಸತು. ಜಾವೀದ್ ಎಂಬಾತ ಮರದಿಂದ ಮರಕ್ಕೆ, ಮಹಡಿಯಿಂದ ಮಹಡಿಗೆ ಕಪ್ಪು ವೈರು ಎಳೆದು ಇಡೀ ಬೀದಿಯನ್ನು ಕಟ್ಟಿಹಾಕಿದ್ದ. ಒಂದು ಸಂಜೆ ಏಳೂವರೆಗೆ ಚಾನಲ್ ತಿರುಗಿಸುತ್ತಿರುವಾಗ ಯಾವುದೋ ಪರದೇಶದ ಕಾರ್ಯಕ್ರಮ ಸಿಕ್ಕಿತು. ಜನ ತಮ್ಮ ಮನೆಗಳಲ್ಲಿ ತೆಗೆದ ವಿಡಿಯೋಗಳನ್ನು ಕಳಿಸುವುದು, ಅದರಲ್ಲಿ ಯಾರಾದರೂ ಬೀಳುವುದು, ಸಭೆಯಲ್ಲಿ ಕೂತವರು ಹೊಟ್ಟೆ ಹಿಡಿದು ನಗುವುದು, ಇಷ್ಟೇ. ಮದುಮಗ ಈಜುಕೊಳಕ್ಕೆ ಬಿದ್ದ. ಮುದುಕನೊಬ್ಬ ಮಂಜಿನ ಮೇಲೆ ಜಾರಿ ಗೇಟಿನಿಂದ ಆಚೆ ಹೋದ. ನಾಯಿಯನ್ನು ತಿರುಗಾಡಿಸಲು ಕರೆದೊಯ್ದ ಹೆಂಗಸನ್ನು ನಾಯಿಯೇ ಹುಲ್ಲಿನ ಮೇಲೆ ಎಳೆದುಕೊಂಡು ಹೋಯಿತು. ನನ್ನಂಥವನಿಗೆ ಹೇಳಿ ಮಾಡಿಸಿದ ಕಾರ್ಯಕ್ರಮ. ನಾನು ನಗುತ್ತಿರುವಾಗಲೇ ಬೆನ್ನ ಹಿಂದಿನಿಂದ ಇನ್ನೊಂದು ನಗು ಕೇಳಿಸಿತು.

ಅಮ್ಮ. ಗಂಟಲಿನಿಂದ ಹ್ಹ ಹ್ಹ ಹ್ಹ ಎಂದು ಬಿಟ್ಟು ಬಿಟ್ಟು ಬರುವ ಸದ್ದು. ಲಲಿತಾ ಲಟ್ಟಣಿಗೆ ಹಿಡಿದುಕೊಂಡೇ ಓಡಿಬಂದಳು. "ಅತ್ತೆ ನಗ್ತಿದ್ದಾರೆ ಕಣ್ರೀ" ಎಂದು ಅಳತೊಡಗಿದಳು. ಅಮ್ಮ ಒಳ್ಳೆಯ ಕೈಯನ್ನು, ಅಂದರೆ ಎಡಗೈಯನ್ನು, ಟಿವಿಯ ಕಡೆ ಚಾಚಿದ್ದಳು. "ನಮಗೂ ನೋಡಿ ಅಂತ ತೋರಿಸ್ತಿದ್ದಾರೆ" ಎಂದು ಲಲಿತಾ ವಿವರಿಸಿದಳು. ನಾನು ಟಿವಿಯ ಸದ್ದು ಇನ್ನಷ್ಟು ಏರಿಸಿದೆ.

ಅಂದಿನಿಂದ ಏಳೂವರೆ ಎಂದರೆ ನಮ್ಮ ಮನೆಯಲ್ಲಿ ಮಂಗಳಾರತಿಯ ಹೊತ್ತಿನಂತಾಯಿತು. ನಾನು ಆಫೀಸಿನಿಂದ ಓಡಿಬರುತ್ತಿದ್ದೆ. ಮಹಡಿಯ ಮನೆಯ ಸೆಲ್ವಿ ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ, "ನಿನ್ನೆ ಅಮ್ಮ ಚೆನ್ನಾಗ್ ನಕ್ಕರು ಸಾರ್, ಮೇಲೆ ಕೇಳ್ತಿತ್ತು" ಎನ್ನುತ್ತಿದ್ದಳು. ಡಾಕ್ಟರು ಸಹ, "ಒಳ್ಳೇದು, ಸಂತೋಷವಾಗಿ ಇಟ್ಕೊಳ್ಳಿ" ಎಂದರು. ತಾಯಿಯನ್ನು ಇಷ್ಟು ಚೆನ್ನಾಗಿ ನಗಿಸಿಟ್ಟುಕೊಂಡ ಮಗ ಹಲಸೂರಿನಲ್ಲಿ ಇನ್ನೊಬ್ಬನಿಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆ. ಬಿದ್ದವರನ್ನು ಕಂಡರೆ ಓಡುತ್ತಿದ್ದವಳು ಈಗ ನಗುತ್ತಾಳಲ್ಲ ಎಂದು ಒಂದು ದಿನ ನಾನೇ ಕೇಳಿದ್ದೆ. "ಮಕ್ಕಳ ಥರ ಆಗಿದ್ದಾರೆ. ನಗ್ಲಿ ಬಿಡ್ರೀ" ಎಂದಳು ಲಲಿತಾ. ಕೊನೆಗೂ ಅಮ್ಮ ನನ್ನ ಪಕ್ಷಕ್ಕೆ ಬಂದಳು ಎಂದು ನಾನು ಸಮಾಧಾನಪಟ್ಟೆ.

ಆ ಕಾರ್ಯಕ್ರಮದ ಒಂದು ಗುಣ ಹೇಳಬೇಕು. ಅಲ್ಲಿ ಯಾರೂ ಏಳುವುದಿಲ್ಲ. ಬಿದ್ದವನು ಏಳುವಷ್ಟರಲ್ಲಿ ಮುಂದಿನವನು ಬಿದ್ದಿರುತ್ತಾನೆ. ಕ್ಯಾಮೆರಾ ಹಿಡಿದವನಂತೂ ಸ್ವಂತ ಅಪ್ಪ ಏಣಿಯಿಂದ ಕೆಳಗೆ ಬರುತ್ತಿದ್ದರೂ ಕೈ ನಡುಗಿಸುವುದಿಲ್ಲ. ಅವನ ಶ್ರದ್ಧೆಯನ್ನು ನಾನು ಆಗಾಗ ಹೊಗಳುತ್ತಿದ್ದೆ.

ಹೀಗಿರುವಾಗ ಟಿವಿಯ ಚಿತ್ರದಲ್ಲಿ ಕಾಳು ಕಾಳು ಬರತೊಡಗಿತು. ಜಾವೀದನಿಗೆ ಹೇಳಿದರೆ, "ಲೈನಲ್ಲಿ ಪ್ರಾಬ್ಲಂ ಸಾರ್, ನಾಳೆ ಪಕ್ಕಾ ನೋಡ್ತೀನಿ" ಎಂದ. ಅವನ ನಾಳೆಯನ್ನು ನಂಬಿದರೆ ಅಮ್ಮನ ನಗು ಕೆಡುತ್ತದೆ. ಒಂದು ಸಂಜೆ ಲಲಿತಾ ಹಲಸೂರು ಮಾರ್ಕೆಟ್ಟಿಗೆ ತರಕಾರಿಗೆ ಹೋಗಿದ್ದಳು. ಕಾರ್ಯಕ್ರಮ ಶುರುವಾಗಿತ್ತು, ಯಾರು ಬೀಳುತ್ತಿದ್ದಾರೆ ಎಂಬುದೇ ತಿಳಿಯುತ್ತಿರಲಿಲ್ಲ. ಕಿಟಕಿಯ ಮೇಲೆ ವೈರು ಒಳಬರುವ ಕಡೆ ಒಂದು ಗಂಟಿತ್ತು, ಅದನ್ನು ತಿರುಚಿದರೆ ಸರಿಹೋಗುತ್ತಿತ್ತು. ಕಬ್ಬಿಣದ ಟ್ರಂಕು, ಅದರ ಮೇಲೆ ಸ್ಟೂಲು, ಅದರ ಮೇಲೆ ನಾನು. ಚಿತ್ರ ಸ್ವಚ್ಛವಾಯಿತೇ ಎಂದು ಕತ್ತು ತಿರುಗಿಸಿ ನೋಡಿದೆ. ಆಗಿತ್ತು. ಸ್ಟೂಲಿನ ಕಾಲು ಟ್ರಂಕಿನ ಅಂಚು ಬಿಟ್ಟಿತು.

ಬಿದ್ದಿದ್ದು ಟ್ರಂಕಿನ ಮೂಲೆಯ ಮೇಲೆ, ಪಕ್ಕೆಗೆ. ಉಸಿರು ನಿಂತಂತಾಯಿತು. ಕೂಗೋಣವೆಂದರೆ ಬಾಯಿ ತೆರೆಯಿತೇ ಹೊರತು ಸದ್ದು ಬರಲಿಲ್ಲ. ಸ್ವಲ್ಪ ಗಾಳಿ ಎಳೆದುಕೊಂಡರೂ ಒಳಗೆ ಚುಚ್ಚುತ್ತಿತ್ತು. ಟಿವಿಯಲ್ಲಿ ಸಭೆ ಗೊಳ್ಳೆಂದಿತು. ಮಂಚದ ಮೇಲಿನಿಂದ ಅಮ್ಮ ನಗತೊಡಗಿದಳು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹೆತ್ತ ತಾಯಿ, ಮಗ ಕಣ್ಣೆದುರು ಬಿದ್ದು ಒದ್ದಾಡುತ್ತಿದ್ದಾನೆ, ಹ್ಹ ಹ್ಹ ಎನ್ನುತ್ತಿದ್ದಾಳೆ. ಎಂದೂ ಇಷ್ಟು ಜೋರಾಗಿ ನಕ್ಕವಳಲ್ಲ. ಈಜುಕೊಳಕ್ಕೆ ಬಿದ್ದ ಮದುಮಗನಿಗಿಂತ ನಾನು ಚೆನ್ನಾಗಿ ಬಿದ್ದೆನೇ ಎಂಬ ಯೋಚನೆಯೂ ಬಂತು. ಉಸಿರಿಲ್ಲದೆ ಬಿದ್ದಿರುವಾಗಲೂ ಇಂಥ ಯೋಚನೆ ಬರುವ ತಲೆ ನನ್ನದು. ಹಾಗೆಯೇ ಎಷ್ಟೋ ಹೊತ್ತು ಕಳೆಯಿತು. ನನಗೆ ಕಣ್ಣು ಕತ್ತಲೆ ಬರುತ್ತಿತ್ತು. ಆಗ ನಿಜವಾಗಿಯೇ ಕತ್ತಲಾಯಿತು. ಕರೆಂಟು ಹೋಗಿತ್ತು. ಟಿವಿಯ ಸಭೆ ಗಪ್ಪಾಯಿತು, ಬೀದಿಯ ಮನೆಗಳೆಲ್ಲ ಗಪ್ಪಾದವು. ಅಮ್ಮನ ಸದ್ದು ಮಾತ್ರ ನಿಲ್ಲಲಿಲ್ಲ. ಬಿಟ್ಟು ಬಿಟ್ಟು, ಗಂಟಲು ಹರಿಯುವಂತೆ, ಆ ಕತ್ತಲೆಯಲ್ಲಿ ಒಂದೇ ಸಮನೆ.

ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು. ಬಾಗಿಲು ತಳ್ಳಿ ಸೆಲ್ವಿ ಟಾರ್ಚು ಹಿಡಿದು ಬಂದಳು. "ಏನಮ್ಮಾ, ಕರೆಂಟಿಲ್ಲ, ಟಿವಿ ಇಲ್ಲ, ನೀವೊಬ್ರೇ ನಗ್ತಿದ್ದೀರಲ್ಲ" ಎನ್ನುತ್ತ ಬೆಳಕು ತಿರುಗಿಸಿದವಳಿಗೆ ನಾನು ಕಂಡೆ. "ಅಯ್ಯೋ ಮುರುಗಾ" ಎಂದು ದೇವರನ್ನು ಕರೆದು, ಗಂಡನನ್ನೂ ಕೂಗಿದಳು. ಅವನ ಆಟೋದಲ್ಲೇ ಆಸ್ಪತ್ರೆಗೆ ಹೋದೆವು. ಪಕ್ಕೆಲುಬು ಮುರಿದು ಒಳಗೆ ತಾಕಿತ್ತು. ಇನ್ನಷ್ಟು ತಡವಾಗಿದ್ದರೆ ಕಷ್ಟವಿತ್ತು ಎಂದರು. ಸೆಲ್ವಿ ಆಮೇಲೆ ಲಲಿತಾಳ ಹತ್ತಿರ ಕಣ್ಣೊರೆಸಿಕೊಂಡು ಹೇಳಿದಳಂತೆ: "ನಾನು ಮೇಲೆ ಕೂತು ನಮ್ಮನೆಯವರಿಗೆ ಹೇಳ್ತಿದ್ದೆ ಅಕ್ಕಾ, ಅಮ್ಮ ಇವತ್ತು ತುಂಬ ಖುಷಿಯಾಗವ್ರೆ ನೋಡಿ ಅಂತ."

ಆಸ್ಪತ್ರೆಯಿಂದ ಬಂದ ಮೇಲೆ ನನ್ನನ್ನು ಹಾಲಿನಲ್ಲೇ, ಟಿವಿಯ ಕೆಳಗೆ ನೆಲದ ಮೇಲೆ ಹಾಸಿಗೆ ಹಾಕಿ ಮಲಗಿಸಿದರು. ಅಲುಗಾಡಬಾರದು, ಏಳಬಾರದು ಎಂದು ಅಪ್ಪಣೆ. ಏಳೂವರೆಗೆ ಲಲಿತಾ, "ಪಾಪ, ಅತ್ತೆ ಅವತ್ತಿಂದ ನೋಡೇ ಇಲ್ಲ" ಎಂದು ಟಿವಿ ಹಾಕಿ ಅಡುಗೆಮನೆಗೆ ಹೋದಳು. ಟಿವಿ ನನ್ನ ತಲೆಯ ಮೇಲಿತ್ತು, ನನಗೆ ಕಾಣುತ್ತಿದ್ದದ್ದು ಅಮ್ಮನ ಮುಖ. ಮೊದಲ ಸಂಜೆ ಅರೆಗಳಿಗೆ ತಿರುಗಿ ನೋಡಿದ್ದು ಬಿಟ್ಟರೆ, ಇಷ್ಟು ತಿಂಗಳು ಆ ನಗುವನ್ನು ನಾವು ಬೆನ್ನ ಹಿಂದಿನಿಂದಷ್ಟೇ ಕೇಳಿದ್ದೆವು. ಯಾರೋ ಬಿದ್ದರು, ಸಭೆ ನಕ್ಕಿತು, ಅಮ್ಮನ ಗಂಟಲಿನಿಂದ ಆ ಸದ್ದು ಬಂತು. ಅವಳ ಕಣ್ಣು ಹೆದರಿ ಅಗಲವಾಗಿತ್ತು, ನೀರು ಕಿವಿಯ ಕಡೆ ಇಳಿಯುತ್ತಿತ್ತು. ಎಡಗೈಯನ್ನು ಮುಂದೆ ಚಾಚಿದ್ದಳು. ಬೆರಳು ಏನನ್ನೂ ತೋರಿಸುತ್ತಿರಲಿಲ್ಲ. ಅಂಗೈ ಮೇಲೆ ಮಾಡಿ, ಹಿಡಿದುಕೋ ಎಂಬಂತೆ ಚಾಚಿದ್ದಳು.

ಶಿವಾಜಿನಗರದ ಚರಂಡಿಯ ಪಕ್ಕ ನಾನು ನೋಡಿದ್ದ ಕೈ ಅದು. ಅವಳು ಒಂದು ದಿನವೂ ನಕ್ಕಿರಲಿಲ್ಲ. ಉಳಿದಿದ್ದ ಒಂದೇ ಸದ್ದಿನಲ್ಲಿ ಯಾರಾದರೂ ಬನ್ನಿ, ಅವರನ್ನು ಎಬ್ಬಿಸಿ ಎಂದು ಕೂಗುತ್ತಿದ್ದಳು. ನಾವು ದಿನವೂ ಏಳೂವರೆಗೆ ಟಿವಿ ಹಾಕಿ, ಬಿದ್ದವರನ್ನು ಸಾಲಾಗಿ ತಂದು ಅವಳ ಮುಂದೆ ಹಾಕಿ, ಎಷ್ಟು ಸಂತೋಷವಾಗಿದ್ದಾಳೆ ಎಂದು ಮೆಚ್ಚುತ್ತಿದ್ದೆವು. ಕೂಗಿ ಕೂಗಿ ಅವಳು ಒಬ್ಬರಾದರೂ ಎದ್ದದ್ದನ್ನು ನೋಡಲಿಲ್ಲ.

"ಲಲಿತಾ, ಟಿವಿ ಆರಿಸು" ಎಂದೆ. ಆರಿಸಿದಳು. ಸದ್ದು ನಿಲ್ಲಲಿಲ್ಲ. ಅಮ್ಮನ ಕೈ ಟಿವಿಯಿಂದ ನಿಧಾನವಾಗಿ ಕೆಳಗಿಳಿದು ನನ್ನ ಕಡೆ ತಿರುಗಿತು. ಅವಳ ಲೆಕ್ಕದಲ್ಲಿ ನಾನು ಅಂದು ಬಿದ್ದವನು ಇನ್ನೂ ನೆಲದ ಮೇಲೇ ಇದ್ದೆ.

ನಾನು ಗೋಡೆ ಹಿಡಿದು ಎದ್ದೆ. "ರೀ, ಡಾಕ್ಟರು ಏನ್ ಹೇಳಿದ್ದಾರೆ" ಎಂದು ಲಲಿತಾ ಓಡಿಬಂದಳು. ಪಕ್ಕೆಯಲ್ಲಿ ಚೂರಿ ಆಡಿಸಿದಂತಾಯಿತು. ಮಂಚದ ತನಕ ಹೋಗಿ ಆ ಕೈ ಹಿಡಿದುಕೊಂಡೆ. "ಎದ್ದೆ ಕಣಮ್ಮಾ, ಏನೂ ಆಗಿಲ್ಲ" ಎಂದೆ. ಸದ್ದು ನಿಂತಿತು. ಅಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಇವನು ಮುಂದಿನ ಕಂಬದ ಹತ್ತಿರ ಮತ್ತೆ ಬೀಳುವ ಗಿರಾಕಿ ಎಂದು ಅವಳಿಗೆ ಅನಿಸಿರಬೇಕು, ಕೈ ಬಿಡಲಿಲ್ಲ. ಲಲಿತಾ, "ಕೂತ್ಕೊಳ್ಳಿ, ಕುರ್ಚಿ ತರ್ತೀನಿ" ಎಂದಳು. ಬೇಡವೆಂದೆ. ಅಮ್ಮನಿಗೆ ನಿದ್ದೆ ಹತ್ತುವವರೆಗೆ ಹಲ್ಲು ಕಚ್ಚಿಕೊಂಡು ಮಂಚದ ಪಕ್ಕ ನೆಟ್ಟಗೆ ನಿಂತೇ ಇದ್ದೆ. ಕೂತರೆ, ಮತ್ತೆ ಬಿದ್ದೆ ಎಂದುಕೊಂಡಾಳು ಎಂಬ ಭಯವಿತ್ತು.