ಮೈದುನ ಕಾಯಿಸಿದ ತುಟಿಬಣ್ಣ

ನನ್ನ ಮೈದುನನಿಗೆ ತಲೆ ಇಲ್ಲ ಎಂದು ಯಾರೂ ಹೇಳುವಂತಿಲ್ಲ. ಇದೆ. ಆದರೆ ಅದು ನನ್ನ ಅಡುಗೆಮನೆಯಲ್ಲೇ ಓಡಬೇಕೆ? ಪೀಣ್ಯದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕಬ್ಬಿಣ ಕೊರೆದ ಗಂಡಸು, ರಿಟೈರಾಗಿ ವರ್ತೂರಿನ ನಮ್ಮ ಮನೆಯಲ್ಲಿ ಲಿಪ್‌ಸ್ಟಿಕ್ ಮಾಡಲು ಕೂತ ಕಣ್ರೀ!

ಕಾರಣವಿತ್ತು, ಇಲ್ಲ ಅನ್ನುವುದಿಲ್ಲ. ಅವನ ಹೆಂಡತಿ, ಅಂದರೆ ನನ್ನ ಓರಗಿತ್ತಿಗೆ, ತುಟಿಯ ಮೇಲೆ ಬಿಳಿ ಮಚ್ಚೆ ಎದ್ದಿದೆ. ಅಂಗಡಿಯ ಬಣ್ಣ ಹಚ್ಚಿದರೆ ತುಟಿ ಬಿರಿದು ಉರಿ. ಹೊರಗೆ ಹೊರಟರೆ ಬಾಯಿಗೆ ಸೆರಗು. ಭಾನುವಾರ ಮಗಳ ನಿಶ್ಚಿತಾರ್ಥ ಇಟ್ಟುಕೊಂಡು, "ಗಂಡಿನ ಕಡೆಯೋರ ಮುಂದೆ ನಾನ್ ಬರಾಕಿಲ್ಲ" ಎಂದು ಕೂತುಬಿಟ್ಟಳು. ಗಿಡದ ಎಣ್ಣೆಯಲ್ಲಿ ಗಿಡದ ಬಣ್ಣ ಇಳಿಸಬಹುದು ಎಂದು ಇವನು ಫೋನಿನಲ್ಲಿ ನೋಡಿದ. ಮುಗೀತಲ್ಲ ನನ್ನ ಕಥೆ!

ಮೊದಲು ಬೀಟ್‌ರೂಟು. ಗಾಣದಿಂದ ತರಿಸಿದ್ದ ನನ್ನ ಕೊಬ್ಬರಿ ಎಣ್ಣೆಯನ್ನು ಡಬ್ಬಿಗೆ ಡಬ್ಬಿ ಸುರಿದು ಕಾಯಿಸಿದ. ಬೀಟ್‌ರೂಟು ಕರಕಲಾಯಿತು, ಎಣ್ಣೆ ಮಾತ್ರ ಕೆಂಪಾಗಲಿಲ್ಲ!

"ಲೋ, ಬೀಟ್‌ರೂಟ್ ಪಲ್ಯ ತಿನ್ನಾಕಷ್ಟೇ ಬರೋದಾ ನಿಂಗೆ? ಅದರ ಬಣ್ಣ ನೀರಿಗೆ ಬಿಡ್ತದೆ, ಎಣ್ಣೆಗೆ ಬಿಡಾಕಿಲ್ಲ. ಎಣ್ಣೆ ಕೆಂಪಗಾಗೋದು ಒಣಮೆಣಸಿನಕಾಯಿಗೆ!"

ಸಿಟ್ಟಿನಲ್ಲಿ ನಾನು ಆಡಿದ ಮಾತು. ಮಾರನೇ ದಿನ ಬ್ಯಾಡಗಿ ಮೆಣಸಿನಕಾಯಿಯನ್ನೇ ಕಾಯಿಸಿದ! ಬಣ್ಣವೇನೋ ಸಕ್ಕತ್ತಾಗಿ ಬಂತು. ಕೈಮೇಲೆ ಹಚ್ಚಿ ನೋಡಿದ, ಅದೇ ಕೈಯಲ್ಲಿ ಕಣ್ಣು ಉಜ್ಜಿಕೊಂಡ. ಕಿರುಚಾಟ ಕೇಳಿ ಮಹಡಿಯ ಬಾಡಿಗೆ ಮನೆಯಾಕೆ ಆಫೀಸಿನ ಮೀಟಿಂಗು ಬಿಟ್ಟು ಓಡಿ ಬಂದಳು.

"ಆಂಬುಲೆನ್ಸ್ ಕರೀಲಾ ಅಜ್ಜಿ?"

"ಬ್ಯಾಡ ಕಣವ್ವಾ, ಬಡ್ಕೊಳ್ಳಲಿ. ಬುದ್ಧಿ ಬತ್ತದೆ."

ಕೊನೆಗೆ ನಾನೇ ಹಿತ್ತಲಿಗೆ ಹೋದೆ. ಬೇಲಿಯಲ್ಲಿ ಸಿಂಧೂರದ ಗಿಡವಿದೆ. ಅದರ ಮುಳ್ಳುಕಾಯಿ ಒಡೆದರೆ ಒಳಗಿನ ಬೀಜ ಬೆರಳನ್ನೇ ಕೆಂಪು ಮಾಡುತ್ತದೆ. ಬೀಜ ಬಿಡಿಸಿ ಎಣ್ಣೆಗೆ ಹಾಕಿ, ಸಣ್ಣ ಉರಿಯಲ್ಲಿ ಇಡಿಸಿದೆ. ಎಣ್ಣೆ ಕೆಂಡದ ಬಣ್ಣಕ್ಕೆ ತಿರುಗಿತು. ಮೈದುನ ಅದನ್ನು ಸೋಸಿ, ಜೇನುಮೇಣ ಬೆರೆಸಿ ಗಟ್ಟಿ ಮಾಡಿದ.

ಭಾನುವಾರ ಓರಗಿತ್ತಿ ಹಚ್ಚಿಕೊಂಡಳು. ಉರಿಯಲಿಲ್ಲ, ಮಚ್ಚೆಯೂ ಮುಚ್ಚಿತು. ಆದರೂ ಗಂಡಿನವರ ಕಾರಿನ ಸದ್ದು ಕೇಳಿದ್ದೇ ಸೆರಗು ಮತ್ತೆ ಬಾಯಿಗೆ ಬಂತು! "ಎಲ್ರೂ ನನ್ ಬಾಯ್ನೇ ನೋಡ್ತಾರೆ ಅಕ್ಕಾ."

ಇಷ್ಟೆಲ್ಲ ಎಣ್ಣೆ ಹಾಳು ಮಾಡಿದ್ದು ಇದಕ್ಕೇನಾ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ, ಮೈದುನ ಬೆರಳಿಗೆ ಬಣ್ಣ ತೆಗೆದು, ಆ ಪೊದೆಮೀಸೆಯ ಕೆಳಗೆ ತನ್ನ ತುಟಿಗೆ ದಪ್ಪಗೆ ಬಳಿದುಕೊಂಡ.

"ಈಗ ನನ್ನ ನೋಡ್ತಾರೆ, ಬಾ" ಎಂದವನೇ ಬಾಗಿಲಲ್ಲಿ ನಿಂತು ಬೀಗರಿಗೆ ಕೈಮುಗಿದ.

ಬಂದವರೆಲ್ಲ ಅವನನ್ನೇ ನೋಡಿದರು. ಅವನ ಹಿಂದೆ ಓರಗಿತ್ತಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈಯಲ್ಲಿ ಪಾನಕದ ಲೋಟಗಳ ತಟ್ಟೆ ಹಿಡಿದು, ನಗುತ್ತಾ ಬಂದಳು.