ಎಲ್ಲಿಗೆ ಹೊರಟೆ, ಭಾವಾ?

ಬಲೆ ಹೇರಿ ದೋಣಿ ನೂಕುತ್ತಿದ್ದ ಹೆಂಡತಿಯ ಅಣ್ಣ ತಿಮ್ಮುವನ್ನು ದೇವಿದಾಸ ಬೇಕೆಂದೇ ಕೇಳಿದ: “ಎಲ್ಲಿಗೆ ಹೊರಟೆ, ಭಾವಾ?”

ಹಾರವಾಡದ ದಂಡೆಯೇ ಉಸಿರು ಹಿಡಿಯಿತು. ಕಡಲಿಗೆ ಇಳಿಯುವವರನ್ನು ಹಾಗೆ ಕೇಳಬಾರದು. ಕೇಳಿದರೆ ಬಲೆ ಬರಿದು. ಕೇಳಿಸಿಕೊಂಡವರು ಮನೆಗೆ ಮರಳಿ, ಕೂತು, ನೀರು ಕುಡಿದೇ ಮತ್ತೆ ಹೊರಡಬೇಕು.

“ನಿಂಗೆ ತಲೆ ಸಮ ಇದ್ಯಾ?” ತಿಮ್ಮು ಕೂಗಿದ.

ಪಂಚಾಯತಿಯಲ್ಲಿ ನೀರು ಬಿಡುವ ದೇವಿದಾಸ ಡಿಗ್ರಿ ಮುಗಿಸಿದರೆ ಗುಮಾಸ್ತನಾಗಬಹುದಿತ್ತು. ಮನೆಯಲ್ಲೇ ಕೂತು ಓದುವ ಬಿ.ಎ.ಯಲ್ಲಿ ಉಳಿದಿದ್ದು ತರ್ಕ ಮತ್ತು ನೀತಿಶಾಸ್ತ್ರದ ಪೇಪರೊಂದೇ. ಅದು ಅವನನ್ನು ಎರಡು ಸಲ ಮುಳುಗಿಸಿತ್ತು. ಅಂದೇ ಮಧ್ಯಾಹ್ನ ಕಾರವಾರದಲ್ಲಿ ಮೂರನೆಯ ಸಲ ಬರೆಯುವುದಿತ್ತು. ಸ್ವಂತ ಉದಾಹರಣೆ ಹುಡುಕಿ ಎಂದಿತ್ತು ಪುಸ್ತಕ.

“ಒಂದರ ಹಿಂದೆ ಒಂದು ನಡೆದ್ರೆ ಮೊದಲಿಂದು ಕಾರಣ ಆಗೂದಿಲ್ಲ, ಭಾವಾ. ನೀ ಬೀಡಿ ಹಚ್ಚಿದ ಮೇಲೆ ಬಸ್ಸು ಬರ್ತದೆ. ಬೀಡಿಗೆ ಬಂತಾ ಅದು?”

“ಹಚ್ಚದಿದ್ರೆ ಬರೂದೇ ಇಲ್ಲ!”

“ಓದಿ ಓದಿ ಇವ್ನ ಮಂಡೆ ಒಣ ಸೀಗಡಿ ಆಯ್ತು,” ಎಂದಳು ನೆರೆಮನೆಯ ಬೀರಿಯಮ್ಮ.

“ಹೋಗು, ಭಾವಾ. ಬಲೆ ಬರಿದಾದ್ರೆ ಪುಸ್ತಕ ಕಡಲಿಗೆ ಹಾಕ್ತೆ.”

ಹೇಗೂ ಡೀಸೆಲ್ ತುಂಬಿಯಾಗಿತ್ತು. ತಿಮ್ಮು ಬೈಯುತ್ತಲೇ ಹೋದ. ಬಿಸಿಲೇರುವಾಗ ಮರಳಿದ ದೋಣಿ ಬಂಗಡೆಯ ಭಾರಕ್ಕೆ ಬಸುರಿಯಂತೆ ತೇಕುತ್ತಿತ್ತು.

“ನೋಡಿದ್ರಾ?” ದೇವಿದಾಸ ಕುಣಿದ.

“ನೋಡ್ದೆ,” ಎಂದಳು ಬೀರಿಯಮ್ಮ. “ನೀ ಕೇಳಿದ್ದಕ್ಕೇ ಸಿಕ್ತು!”

ದೇವಿದಾಸ ಹಣೆ ಚಚ್ಚಿಕೊಂಡ. ಮಿಂದು, ಇಸ್ತ್ರಿ ಅಂಗಿ ತೊಟ್ಟು, ಹಾಲ್ ಟಿಕೆಟ್ ಹಿಡಿದು ಹೊಸ್ತಿಲು ದಾಟಿದ. ಬೇಲಿಯಾಚೆಯಿಂದ ಬೀರಿಯಮ್ಮ, ಅವನಿಗೂ ಒಳ್ಳೆಯದಾಗಲೆಂದು, ಅಕ್ಕರೆಯಿಂದ ಕೇಳಿದಳು:

“ಎಲ್ಲಿಗೆ ಹೊರಟೆ, ತಮಾ?”

ಎತ್ತಿದ ಕಾಲು ಗಾಳಿಯಲ್ಲೇ ನಿಂತಿತು. ಭಾವನಿಗೆ ಹೋಗು ಎಂದವನು ತಾನೂ ಹೋಗಬೇಕು; ಇತರರಿಗೆ ಹೇಳುವ ನಿಯಮ ತನಗೂ ಅನ್ವಯಿಸಬೇಕು. ನೀತಿಶಾಸ್ತ್ರದ ಮೊದಲ ಪಾಠವೇ ಅದು. ತಲೆಗೆ ಎಲ್ಲ ಗೊತ್ತಿತ್ತು, ಆದರೆ ಕಾಲು ಪುಸ್ತಕ ಓದಿರಲಿಲ್ಲ. ಒಳಹೋದ. ಕೂತ.

“ದೀಪಾಲಿ, ನೀರು ಕೊಡೇ.”

“ಎಂತದು? ನೀವೂ?” ಹೆಂಡತಿ ನಗು ತಡೆಯಲಾರದೆ ಲೋಟದ ಅರ್ಧ ನೀರು ಚೆಲ್ಲಿದಳು. ಮತ್ತೆ ತುಂಬಿಸಿ ತರುವಷ್ಟರಲ್ಲಿ ಬಸ್ಸು ಹೋಗಿತ್ತು.

ಕಾರವಾರದ ಪರೀಕ್ಷಾ ಕೇಂದ್ರ ತಲುಪಿದಾಗ ತರ್ಕಶಾಸ್ತ್ರದ ಮೇಷ್ಟ್ರು ಗುರುಪ್ರಸಾದರು ಗೇಟಿನ ಚಿಲಕ ಹಿಡಿದು ನಿಂತಿದ್ದರು.

“ಯಾಕೆ ತಡ?”

ಬಸ್ಸು ಪಂಕ್ಚರ್ ಎನ್ನಬಹುದಿತ್ತು. ನೀತಿಶಾಸ್ತ್ರ ಬಿಡಲಿಲ್ಲ. ದೇವಿದಾಸ ನಿಜ ಹೇಳಿದ.

“ಅಯ್ಯೋ! ಕೊನೇ ಗಂಟೆ ಇನ್ನೂ ಹೊಡೀಲಿಲ್ಲ, ಒಳಗೆ ಬಿಡ್ತಿದ್ದೆ. ಆದ್ರೆ ಹೊರಡುವಾಗಲೇ ಎಲ್ಲಿಗೆ ಅಂತ ಕೇಳಿದ್ರಾ? ಇವತ್ತು ಬರೀಬೇಡಿ ಮಾರಾಯ್ರೆ, ಪಾಸಾಗೂದಿಲ್ಲ.”

“ಸರ್, ತರ್ಕ ಕಲಿಸೂರು ನೀವು!”

“ಅದು ಕ್ಲಾಸಲ್ಲಿ.”

ದೇವಿದಾಸನ ರಕ್ತ ಕುದಿಯಿತು. ದೋಣಿ, ಬಂಗಡೆ, ಬೀಡಿ, ಬಸ್ಸು ಎಲ್ಲವನ್ನೂ ಎಳೆತಂದು, ಒಂದು ಹೇಗೆ ಇನ್ನೊಂದಕ್ಕೆ ಕಾರಣವಲ್ಲ ಎಂದು ಎಳೆಎಳೆಯಾಗಿ ಬಿಡಿಸಿಟ್ಟ. ಗುರುಪ್ರಸಾದರು ಬಾಯಿ ತೆರೆದು ಕೇಳುತ್ತ ನಿಂತರು. ಅಷ್ಟರಲ್ಲಿ ಕೊನೇ ಗಂಟೆ ಹೊಡೆಯಿತು.

“ಅದ್ಭುತ!” ಮೇಷ್ಟ್ರು ಮೆಲ್ಲಗೆ ಚಿಲಕ ಹಾಕಿದರು. “ಇದನ್ನೇ ಒಳಗೆ ಬರೆದಿದ್ರೆ ಪೂರ್ತಿ ಮಾರ್ಕು. ಮುಂದಿನ ಸಲ ಪಾಸಾಗೂದು ಖಂಡಿತ.”

ಅದೂ ನಿಜವೇ. ಪಾಠ ಇವತ್ತೇ ಮೊದಲು ತಲೆಗೆ ಹತ್ತಿತ್ತು. ದೇವಿದಾಸ ಹಗುರಾಗಿ ನಡೆದು ಸ್ಟ್ಯಾಂಡಿಗೆ ಬಂದ. ಕಾದ. ಬಸ್ಸಿನ ಸುಳಿವಿಲ್ಲ. ಆಚೀಚೆ ನೋಡಿ, ಎಂದೂ ಸೇದದವನು ಪಕ್ಕದವನ ಕಿವಿಯಲ್ಲಿ ಮೆಲ್ಲಗೆ ಕೇಳಿದ:

“ಒಂದು ಬೀಡಿ ಇದ್ಯಾ?”