ಹಸಿರು ಚುಕ್ಕೆಯ ಕಾವಲು

ಸಾಸಿವೆ ಕಾಳಿಗಿಂತ ತುಸು ದೊಡ್ಡದಾದ ಒಂದು ಚುಕ್ಕೆ. ಅದು ಹಸಿರಾಗಿದ್ದರೆ ಮನುಷ್ಯ ದುಡಿಯುತ್ತಿದ್ದಾನೆ, ಹಳದಿಯಾದರೆ ಮೈಗಳ್ಳತನ ಮಾಡುತ್ತಿದ್ದಾನೆ. ಹೀಗೆಂದು ಕಂಪನಿಯ ಹೊಸ ಮ್ಯಾನೇಜರು ಶಾಸನ ಹೊರಡಿಸಿ ಎರಡು ತಿಂಗಳಾಗಿತ್ತು. ಮನೆಯಿಂದ ಕೆಲಸ ಮಾಡುವ ಪ್ರತಿಯೊಬ್ಬರ ಹೆಸರಿನ ಪಕ್ಕದಲ್ಲೂ ಆ ಚುಕ್ಕೆ ಕೂತಿರುತ್ತಿತ್ತು. ಐದು ನಿಮಿಷ ಮೌಸ್ ಅಲ್ಲಾಡದಿದ್ದರೆ ಹಳದಿ. ದಿನಕ್ಕೆ ಒಟ್ಟು ಅರ್ಧ ಗಂಟೆ ಹಳದಿಯಾದರೆ ಒಂದು ಎಚ್ಚರಿಕೆ. ಮೂರನೆಯ ಎಚ್ಚರಿಕೆಗೆ ಮನೆಯಿಂದ ಕೆಲಸ ಬಂದ್. ಮರುದಿನದಿಂದ ಎರಡು ಬಸ್ಸು ಬದಲಿಸಿ ಆಫೀಸಿಗೆ.

ರೀಸ್ಟಾರ್ಟಪ್ಪನಿಗೆ ಆಗಲೇ ಎರಡು ಎಚ್ಚರಿಕೆ ಬಂದಿದ್ದವು.

ಅದು ಅವನ ತಂದೆತಾಯಿ ಇಟ್ಟ ಹೆಸರಲ್ಲ. ಫೋನು ಕೆಟ್ಟಿತೆಂದರೂ, ಟಿವಿ ನಿಂತಿತೆಂದರೂ, ಯಾರು ಏನು ಹೊತ್ತು ತಂದರೂ "ಒಂದ್ಸಲ ರೀಸ್ಟಾರ್ಟ್ ಮಾಡಿ ನೋಡಿ" ಎನ್ನುತ್ತಿದ್ದನಾದ್ದರಿಂದ ಆ ಮೂರು ಮಹಡಿ ಕಟ್ಟಡದವರು ಪ್ರೀತಿಯಿಂದ ಇಟ್ಟದ್ದು. ಹತ್ತರಲ್ಲಿ ಎಂಟು ಸಲ ಅದರಿಂದಲೇ ಸರಿಹೋಗುತ್ತಿತ್ತು. ಉಳಿದೆರಡಕ್ಕೆ ಅವನು ಕೂತು ತಲೆ ಕೆಡಿಸಿಕೊಳ್ಳುತ್ತಿದ್ದ.

ತಲೆ ಕೆಡಿಸಿಕೊಳ್ಳುವುದೇ ಅವನ ತೊಂದರೆಯೂ ಆಗಿತ್ತು. ಕೆಲವರಿಗೆ ನಡೆದಾಡಿದರೆ ಯೋಚನೆ ಹೊಳೆಯುತ್ತದೆ, ಕೆಲವರಿಗೆ ಸ್ನಾನ ಮಾಡುವಾಗ. ಅವನಿಗೆ ಮಾತ್ರ ನೆಲದ ಮೇಲೆ ಅಂಗಾತ ಮಲಗಿ ಸೂರು ನೋಡಬೇಕು. ಅವನು ಸೂರು ನೋಡುತ್ತಿದ್ದರೆ ಮೇಜಿನ ಮೇಲೆ ಚುಕ್ಕೆ ಕಾಮಾಲೆ ಹಿಡಿದಂತೆ ಹಳದಿಗಟ್ಟುತ್ತಿತ್ತು.

ಬಸ್ ಟಿಕೆಟ್ ಮಾರುವ ಅವರ ಕಂಪನಿಯ ತಂತ್ರಾಂಶಕ್ಕೆ ಮೂರು ವಾರದಿಂದ ಒಂದು ರೋಗ ಅಂಟಿತ್ತು. ಒಂದೇ ಸೀಟನ್ನು ಇಬ್ಬರಿಗೆ ಕೊಡುತ್ತಿತ್ತು. ಬಸ್ಸಿನಲ್ಲಿ ಜನ ಕುತ್ತಿಗೆಪಟ್ಟಿ ಹಿಡಿದುಕೊಳ್ಳುತ್ತಿದ್ದರು. ಆಫೀಸಿನಲ್ಲಿ ಹದಿನಾಲ್ಕು ಜನ ಕೂತು ಹುಡುಕಿದರೂ ದೋಷ ಸಿಕ್ಕಿರಲಿಲ್ಲ. ಅದೀಗ ರೀಸ್ಟಾರ್ಟಪ್ಪನ ತಲೆಗೆ ಬಂದಿತ್ತು.

"ನನ್ನ ತಲೆಗೆ ಸಂಬಳ ಕೊಡ್ತಾರಾ, ಕೈಗೆ ಕೊಡ್ತಾರಾ? ಇವತ್ತು ಏನಾದ್ರೂ ಆಗ್ಲಿ, ನಾನು ಮಲಗೇ ಯೋಚನೆ ಮಾಡೋನು!" ಎಂದು ಬೆಳಿಗ್ಗೆ ಹೆಂಡತಿಗೆ ಸಾರಿದ.

ಹೆಂಡತಿ ನರ್ಸು. ಸಮವಸ್ತ್ರದ ಗುಂಡಿ ಹಾಕಿಕೊಳ್ಳುತ್ತ ತಣ್ಣಗೆ ಅಂದಳು: "ಮಲ್ಕೊಳ್ಳಿ, ಯಾರು ಬೇಡ ಅಂದೋರು. ನಾಳೆಯಿಂದ ಮೂರು ಗಂಟೆಗೆ ಮಗಳನ್ನ ಯಾರು ಇಳಿಸ್ಕೋತಾರೆ ಅನ್ನೋದನ್ನೂ ಮಲ್ಕೊಂಡೇ ಯೋಚನೆ ಮಾಡಿ."

ಅವಳು ಹೇಳಿದ್ದರಲ್ಲಿ ಮುಳ್ಳಿತ್ತು. ಮಗಳು ಎರಡನೆಯ ತರಗತಿ. ಶಾಲೆಯ ಬಸ್ಸು ಮೂರಕ್ಕೆ ಗೇಟಿನ ಬಳಿ ನಿಲ್ಲುತ್ತದೆ. ಅಪ್ಪನೋ ಅಮ್ಮನೋ ಎದುರಿಗಿದ್ದರೆ ಮಾತ್ರ ಮಗುವನ್ನು ಇಳಿಸುವುದು, ಇಲ್ಲದಿದ್ದರೆ ವಾಪಸು ಶಾಲೆಗೆ. ಹೋದ ವರ್ಷ ಹಾಗೊಮ್ಮೆ ಆಗಿ, ಮಗು ಬೀಗ ಹಾಕಿದ ತರಗತಿಯ ಮೆಟ್ಟಿಲ ಮೇಲೆ ಆರೂವರೆವರೆಗೆ ಕೂತಿತ್ತು. ಮನೆಯಿಂದ ಕೆಲಸ ಬೇಕೆಂದು ರೀಸ್ಟಾರ್ಟಪ್ಪ ಹಟ ಹಿಡಿದು ಪಡೆದದ್ದು ಅದರ ಮಾರನೆಯ ದಿನವೇ.

ಮಲಗಲೂ ಬೇಕು, ಚುಕ್ಕೆ ಹಸಿರಾಗಿಯೂ ಇರಬೇಕು. ಆಗ ನೆನಪಾಯಿತು ಒಂದು ಉಪಾಯ. ಮೌಸಿನ ಹೊಟ್ಟೆಯಲ್ಲೊಂದು ಪುಟ್ಟ ಬೆಳಕಿನ ಕಣ್ಣಿರುತ್ತದೆ. ಅದರ ಕೆಳಗೆ ಏನು ಸರಿದರೂ ತಾನೇ ಸರಿದೆನೆಂದು ಅದು ತಿಳಿಯುತ್ತದೆ. ಕೈಗಡಿಯಾರದ ಮೇಲಿಟ್ಟರೆ ಸಾಕು, ಸೆಕೆಂಡು ಮುಳ್ಳು ಓಡಾಡಿದಂತೆಲ್ಲ ತೆರೆಯ ಮೇಲಿನ ಬಾಣ ಮಿಡುಕುತ್ತಿರುತ್ತದೆ.

ಆದರೆ ಗಡಿಯಾರವೆಲ್ಲಿ? ಆ ಮನೆಯಲ್ಲಿ ಎರಡು ಕಂಪ್ಯೂಟರು, ನಾಲ್ಕು ಫೋನು, ಹೆಜ್ಜೆ ಎಣಿಸುವ ಕೈಪಟ್ಟಿ, ಮಾತಾಡಿಸಿದರೆ ಮಾತಾಡುವ ಡಬ್ಬಿ ಎಲ್ಲ ಇದ್ದವು. ಮುಳ್ಳಿರುವ ಕೈಗಡಿಯಾರ ಇದ್ದದ್ದು ಒಂದೇ, ಅದೂ ನಾಡಿ ಎಣಿಸಲು ಹೆಂಡತಿಯ ಜೊತೆ ಆಸ್ಪತ್ರೆಗೆ ಹೋಗಿತ್ತು. ಗೋಡೆ ಗಡಿಯಾರ ಇಳಿಸಿ ನೋಡಿದ. ಗಾಜಿಗೂ ಮುಳ್ಳಿಗೂ ಬಹಳ ದೂರ. ಮೌಸಿಗೆ ಕಾಣಲೇ ಇಲ್ಲ.

ಕೆಳಗಿನ ಮನೆಯ ಸ್ಟೇಷನ್ ಮಾಸ್ತರರ ಬಾಗಿಲು ತಟ್ಟಿದ. ನಿವೃತ್ತರಾಗಿ ಹದಿನೆಂಟು ವರ್ಷವಾಗಿದ್ದರೂ ಅವರು ಎಡಗೈಯ ಗಡಿಯಾರ ನೋಡದೆ ನೀರೂ ಕುಡಿಯುತ್ತಿರಲಿಲ್ಲ.

"ಮಾಸ್ತರೇ, ನಿಮ್ಮ ಗಡಿಯಾರ ಸಂಜೆವರೆಗೆ ಕೊಡ್ತೀರಾ?"

"ಕೊಡೋದಾ? ಮೂವತ್ತೊಂಬತ್ತು ವರ್ಷದಿಂದ ಇದು ನನ್ನ ಕೈ ಬಿಟ್ಟಿಲ್ಲ ಕಣಯ್ಯಾ. ಬೇಕಾದ್ರೆ ಕೈ ಸಮೇತ ಬರ್ತೀನಿ."

ಬಂದೇಬಿಟ್ಟರು. ಹತ್ತು ಗಂಟೆಗೆ ಮೇಜಿನ ಮೇಲೆ ಎಡಗೈ ಚಾಚಿ, ರಕ್ತ ಕೊಡುವವರ ಹಾಗೆ ಕೂತರು. ರೀಸ್ಟಾರ್ಟಪ್ಪ ಗಡಿಯಾರದ ಮೇಲೆ ಮೌಸ್ ಇಟ್ಟು ರಬ್ಬರ್ ಬ್ಯಾಂಡ್ ಬಿಗಿದ. ಬಾಣ ಜ್ವರ ಬಂದಂತೆ ನಡುಗಿತು. ಚುಕ್ಕೆ ಹಸಿರೇ ಹಸಿರು.

"ಹಸಿರಿದ್ರೆ ಲೈನ್ ಕ್ಲಿಯರು ತಾನೇ? ನೀನು ನಿಶ್ಚಿಂತೆಯಿಂದ ಮಲಗು. ನಾನಿರೋವಾಗ ಯಾವ ಸಿಗ್ನಲ್ ಹಳದಿಯಾಗುತ್ತೋ ನೋಡ್ತೀನಿ!" ಎಂದರು ಮಾಸ್ತರರು. ಹದಿನೆಂಟು ವರ್ಷದ ಮೇಲೆ ಮತ್ತೆ ಡ್ಯೂಟಿ ಸಿಕ್ಕ ಕಳೆ ಅವರ ಮುಖದಲ್ಲಿತ್ತು.

ರೀಸ್ಟಾರ್ಟಪ್ಪ ಪಕ್ಕದ ಕೋಣೆಯಲ್ಲಿ ಅಂಗಾತ ಮಲಗಿದ. ಮಾಸ್ತರರು ಎರಡು ನಿಮಿಷಕ್ಕೊಮ್ಮೆ "ಹಸಿರು!" ಎಂದು ಕೂಗುತ್ತಿದ್ದರು.

"ಕೂಗ್ಬೇಡಿ ಮಾಸ್ತರೇ, ಯೋಚನೆ ಹರಿದುಹೋಗುತ್ತೆ."

"ಸರಿ ಸರಿ." ಎರಡು ನಿಮಿಷ ಬಿಟ್ಟು, ಮೆಲ್ಲಗೆ, "ಹಸಿರು."

ಹನ್ನೊಂದಕ್ಕೆ ಮೇಲಿನ ಮನೆಯ ಚಿಕ್ಕಮ್ಮ ಫೋನು ಹಿಡಿದು ಇಳಿದು ಬಂದರು. ಯಾರಿಗೂ ಅವರು ಸ್ವಂತ ಚಿಕ್ಕಮ್ಮನಲ್ಲ, ಇಡೀ ಕಟ್ಟಡಕ್ಕೇ ಚಿಕ್ಕಮ್ಮ.

"ಅಯ್ಯೋ ಮಗನೇ, ಮೊಮ್ಮಗುವಿನ ಫೋಟೋ ಎಲ್ಲ ಅಳಿಸಿಹೋಯ್ತು! ಏನೋ ಒತ್ತಿದೆ..." ಎಂದವರು ಕೈಕಟ್ಟಿಸಿಕೊಂಡು ಕೂತ ಮಾಸ್ತರರನ್ನು ಕಂಡು, "ಇವರಿಗೇನಾಯ್ತು? ಬಿಪಿ ನೋಡ್ತಾ ಇದೀಯಾ?" ಎಂದರು.

ಮಲಗಿದಲ್ಲಿಂದಲೇ ರೀಸ್ಟಾರ್ಟಪ್ಪ ಹೇಳಿದ: "ಅಳಿಸಿದ್ದು ಎಲ್ಲೂ ಹೋಗಿರಲ್ಲ ಚಿಕ್ಕಮ್ಮ. ಕಸದ ಬುಟ್ಟಿ ಚಿತ್ರ ಇದೆಯಲ್ಲ, ಒಳಗೆ ನೋಡಿ. ಒಂದು ತಿಂಗಳು ಅಲ್ಲೇ ಬಿದ್ದಿರುತ್ತೆ. ಕಂಪ್ಯೂಟರಲ್ಲಿ ಆದ್ರೆ ಕಂಟ್ರೋಲ್ ಮತ್ತು ಝೆಡ್ ಒಟ್ಟಿಗೆ ಒತ್ತಿದ್ರೆ ಮಾಡಿದ ತಪ್ಪು ಮಾಡೇ ಇಲ್ಲದ ಹಾಗಾಗುತ್ತೆ."

"ಹೌದಾ! ಇಂಥ ಗುಂಡಿ ನಮ್ಮ ಕಾಲದಲ್ಲಿ ಇದ್ದಿದ್ರೆ ನಿಮ್ಮ ಚಿಕ್ಕಪ್ಪನ್ನ ಮದುವೆ ಆಗ್ತಾನೇ ಇರ್ಲಿಲ್ಲ."

ಫೋಟೋಗಳು ಸಿಕ್ಕವು. ಚಿಕ್ಕಮ್ಮ ಮಾತ್ರ ಹೋಗಲಿಲ್ಲ. ಬಂದವರು ಹೋಗುವುದಕ್ಕೆ ಇನ್ನೂ ಯಾರೂ ಗುಂಡಿ ಕಂಡುಹಿಡಿದಿಲ್ಲ. ಅವರೂ ಮಾಸ್ತರರೂ ಮಾತಿಗೆ ಕೂತರು. ಮಾಸ್ತರರು ತಾವು ಕೆಲಸಕ್ಕೆ ಸೇರಿದ ಕಾಲದ ಸಣ್ಣ ನಿಲ್ದಾಣವೊಂದರ ಕತೆ ತೆಗೆದರು.

"ಒಂಟಿ ಹಳಿ ನೋಡಿ. ಅತ್ತಲಿಂದೊಂದು, ಇತ್ತಲಿಂದೊಂದು ಗಾಡಿ ಬಂದ್ರೆ ಗತಿಯೇನು? ಅದಕ್ಕೇ ಒಂದು ಟೋಕನ್ ಇರ್ತಿತ್ತು. ಅದು ಯಾರ ಕೈಲಿದೆಯೋ ಆ ಡ್ರೈವರ್ ಮಾತ್ರ ಗಾಡಿ ಬಿಡ್ಬೇಕು. ಹಳಿ ಖಾಲಿ ಕಾಣಿಸ್ತಾ ಇದೆ ಅಂತ ನುಗ್ಗೋ ಹಾಗಿಲ್ಲ. ನೋಡೋವಾಗ ಖಾಲಿ ಇರುತ್ತೆ, ಹೋಗೋವಾಗ ಇರುತ್ತಾ?"

ಒಳಗೆ ರೀಸ್ಟಾರ್ಟಪ್ಪ ಚೇಳು ಕುಟುಕಿದವನಂತೆ ಎದ್ದು ಕೂತ. ನೋಡೋವಾಗ ಖಾಲಿ! ಅವರ ತಂತ್ರಾಂಶವೂ ಸೀಟು ಖಾಲಿಯಿದೆಯೇ ಎಂದು ನೋಡುತ್ತಿತ್ತು, ಆಮೇಲೆ ಹೆಸರು ಬರೆಯುತ್ತಿತ್ತು. ನಡುವೆ ಕಣ್ಣು ಮಿಟುಕಿಸುವಷ್ಟು ಹೊತ್ತು ಬಾಗಿಲು ತೆರೆದೇ ಇತ್ತು. ಇನ್ನೊಬ್ಬ ಆ ಸಂದಿಯಲ್ಲೇ ನುಸುಳುತ್ತಿದ್ದ. ಸೀಟಿಗೊಂದು ಟೋಕನ್ ಕೊಟ್ಟರೆ ಮುಗಿಯಿತು! ಎರಡನೆಯ ಕಂಪ್ಯೂಟರನ್ನು ತೊಡೆಯ ಮೇಲಿಟ್ಟುಕೊಂಡು, ಲೋಕದ ಪರಿವೆಯಿಲ್ಲದೆ ಬರೆಯಲಾರಂಭಿಸಿದ.

ಒಂದೂವರೆಗೆ ಮಾಸ್ತರರ ಮಾತ್ರೆಯ ಹೊತ್ತಾಯಿತು. ಗಡಿಯಾರ ಹೇಳಿದ ಮೇಲೆ ಅವರು ನಿಲ್ಲುವವರಲ್ಲ. "ಸ್ವಲ್ಪ ಹೊತ್ತು ಚಾರ್ಜ್ ತಗೊಳ್ಳಮ್ಮ" ಎಂದು ರಬ್ಬರ್ ಬ್ಯಾಂಡ್ ಬಿಚ್ಚಿ, ಮೌಸನ್ನು ಚಿಕ್ಕಮ್ಮನಿಗೆ ಒಪ್ಪಿಸಿ ಹೋದರು.

ಚಿಕ್ಕಮ್ಮ ಮೈಮುರಿದು ದುಡಿಯುವ ಜೀವ. ಜಿಡ್ಡು ಹಿಡಿದ ಪಾತ್ರೆ ಉಜ್ಜುವ ಹಾಗೆ ಮೌಸನ್ನು ಮೇಜಿನ ಮೇಲೆಲ್ಲ ಉಜ್ಜಿದರು. ಉಜ್ಜಿದ ರಭಸಕ್ಕೆ ತೆರೆಯ ಮೇಲೆ ಯಾವ್ಯಾವುದೋ ಕಿಟಕಿ ತೆರೆದುಕೊಂಡವು, ಮುಚ್ಚಿಕೊಂಡವು. ಕಡೆಗೊಂದು ಪತ್ರ ಬಂದು ನಿಂತಿತು.

ಅದು ರೀಸ್ಟಾರ್ಟಪ್ಪ ಹತ್ತು ದಿನದಿಂದ ಸಿಟ್ಟು ಬಂದಾಗಲೆಲ್ಲ ಒಂದೊಂದು ಸಾಲು ಸೇರಿಸುತ್ತ ಬಂದಿದ್ದ ಪತ್ರ. ಕಂಪನಿಯ ದೊಡ್ಡ ಸಾಹೇಬರಿಗೆ, ಅದರ ಪ್ರತಿ ಎಲ್ಲರಿಗೂ ಎಂದು ವಿಳಾಸ ಹಾಕಿಟ್ಟಿದ್ದನೇ ಹೊರತು ಕಳಿಸುವ ಯೋಚನೆ ಇರಲಿಲ್ಲ. ಬರೆದರೆ ಎದೆ ಹಗುರಾಗುತ್ತಿತ್ತು, ಅಷ್ಟೇ. "ಚುಕ್ಕೆ ನೋಡಿ ಮನುಷ್ಯನ ಕೆಲಸ ಅಳೆಯುವುದು ಬಾಲ ನೋಡಿ ಹಸುವಿನ ಹಾಲು ಅಳೆದಂತೆ. ಕೈಗಡಿಯಾರದ ಮೇಲೆ ಮೌಸ್ ಇಟ್ಟು ಊರು ಸುತ್ತಿ ಬಂದರೂ ನಿಮ್ಮ ಚುಕ್ಕೆ ಹಸಿರಾಗಿಯೇ ಇರುತ್ತದೆ. ನಿಮಗೆ ನಮ್ಮ ಮೇಲೆ ನಂಬಿಕೆ ಇಲ್ಲದಿದ್ದರೆ ಬಾಯಿಬಿಟ್ಟು ಹೇಳಿ" ಎಂದು ಅದರಲ್ಲಿತ್ತು.

ದೋಷ ಸರಿಪಡಿಸಿದ ಕೆಲಸವನ್ನು ಆಫೀಸಿಗೆ ಒಪ್ಪಿಸಿ ರೀಸ್ಟಾರ್ಟಪ್ಪ ಮೀಸೆ ತಿರುವುತ್ತ ಈಚೆ ಬಂದಾಗ ಎರಡು ಗಂಟೆ ದಾಟಿತ್ತು.

"ಮಗನೇ, ಒಂದು ನೀಲಿ ಗುಂಡಿ ಬಂತು. ನೋಡೋಕೆ ಚೆನ್ನಾಗಿತ್ತು, ಒತ್ತಿದೆ. ಸುಂಯ್ ಅಂತ ಏನೋ ಹಾರಿಹೋಯ್ತು."

ರೀಸ್ಟಾರ್ಟಪ್ಪ ತೆರೆ ನೋಡಿದ. ಮುಖ ಸುಣ್ಣ ಬಳಿದ ಗೋಡೆಯಾಯಿತು.

"ಅದೇನು ಮಹಾ! ಆಗಲೇ ಹೇಳಿದ್ಯಲ್ಲ, ಕಂಟ್ರೋಲ್ ಝೆಡ್ಡು, ಅದನ್ನ ಒತ್ತು" ಎಂದು ಚಿಕ್ಕಮ್ಮ ಧೈರ್ಯ ಹೇಳಿದರು.

"ಕಳಿಸಿದ ಪತ್ರಕ್ಕೆ ಅದು ನಡೆಯಲ್ಲ ಚಿಕ್ಕಮ್ಮ. ಹತ್ತು ಸೆಕೆಂಡಿನೊಳಗೆ ಹಿಡಿದ್ರೆ ಉಂಟು. ನೀವು ಒತ್ತಿ ಇಪ್ಪತ್ತು ನಿಮಿಷ ಆಗಿದೆ."

ಮಾಸ್ತರರು ಮಾತ್ರೆ ನುಂಗಿ ಬಂದವರು ವಿಷಯ ತಿಳಿದು ಕೆಂಡವಾದರು. "ಹೆಂಗಸಿನ ಕೈಗೆ ಸಿಗ್ನಲ್ ಕೊಟ್ಟಿದ್ದೇ ನನ್ನ ತಪ್ಪು!"

"ಡ್ಯೂಟಿ ಬಿಟ್ಟು ಓಡಿದ ಗಂಡಸು ಯಾರು?" ಎಂದರು ಚಿಕ್ಕಮ್ಮ.

ಅಷ್ಟರಲ್ಲಿ ಕಂಪ್ಯೂಟರು ಟ್ರಿಂಗುಟ್ಟಿತು. ವಿಡಿಯೋ ಸಭೆ. ಎಲ್ಲರೂ ತಕ್ಷಣ ಸೇರಬೇಕು, ಕರೆಯುತ್ತಿರುವವರು ದೊಡ್ಡ ಸಾಹೇಬರು. ಬೆನ್ನ ಹಿಂದಿನ ಜಗಳ ಅವರ ಕಿವಿಗೆ ಬೀಳದಿರಲೆಂದು ರೀಸ್ಟಾರ್ಟಪ್ಪ ತನ್ನ ಕಡೆಯ ಧ್ವನಿ ಬಂದ್ ಮಾಡಿ, ಕ್ಯಾಮೆರಾ ಹಾಕಿ ಕೂತ. ತೆರೆಯ ತುಂಬ ಪುಟ್ಟ ಪುಟ್ಟ ಚೌಕಗಳಲ್ಲಿ ನಲವತ್ತು ಮುಖ. ಮ್ಯಾನೇಜರರ ಮುಖ ಹರಳೆಣ್ಣೆ ಕುಡಿದಂತಿತ್ತು.

"ನಿಮ್ಮ ಪತ್ರ ಓದಿದೆ. ಎರಡು ಸಲ ಓದಿದೆ. ಇಷ್ಟು ನೇರವಾಗಿ ನನಗೆ ಯಾರೂ ಬರೆದಿರಲಿಲ್ಲ. ನೀವು ಬರೆದಿದ್ದು ನೂರಕ್ಕೆ ನೂರು ನಿಜ" ಎಂದರು ದೊಡ್ಡ ಸಾಹೇಬರು.

ಚಿಕ್ಕಮ್ಮ ಮಾಸ್ತರರ ತೋಳು ತಿವಿದರು. "ನೋಡಿದ್ರಾ ನನ್ನ ಕೈಗುಣ!"

"ಚುಕ್ಕೆ ನಂಬಿ ನಾವು ಮೋಸ ಹೋದೆವು. ಅದನ್ನ ಈ ಕ್ಷಣದಿಂದಲೇ ತೆಗೆದುಹಾಕ್ತಾ ಇದೀನಿ."

ನಲವತ್ತು ಚೌಕಗಳಲ್ಲೂ ಚಪ್ಪಾಳೆ. ರೀಸ್ಟಾರ್ಟಪ್ಪನ ಎದೆ ಉಬ್ಬಿ ಅಂಗಿಯ ಗುಂಡಿ ಕಿತ್ತುಬರುವಂತಾಯಿತು. ಒಬ್ಬನ ಹಟಕ್ಕೆ ಇಡೀ ಕಂಪನಿ ಬಾಗಿತ್ತು.

"ಕೈಗಡಿಯಾರದ ಮೇಲೆ ಮೌಸ್ ಇಟ್ಟು ಊರು ಸುತ್ತಬಹುದು ಅಂತ ನನಗೆ ಗೊತ್ತೇ ಇರ್ಲಿಲ್ಲ. ಗೊತ್ತಾದ ಮೇಲೆ ಸುಮ್ಮನಿರೋಕಾಗುತ್ತಾ? ನಾಳೆಯಿಂದ ಯಾರಿಗೂ ಮನೆಯಿಂದ ಕೆಲಸ ಇಲ್ಲ. ಎಂಟೂವರೆಗೆ ಎಲ್ಲರೂ ಆಫೀಸಿನಲ್ಲಿರಬೇಕು, ಆರಕ್ಕೆ ಬಿಡುಗಡೆ. ಬಾಯಿಬಿಟ್ಟು ಹೇಳಿ ಅಂದಿದ್ರಲ್ಲ, ಹೇಳಿದೀನಿ."

ಚಪ್ಪಾಳೆ ತಟ್ಟುತ್ತಿದ್ದ ಎಂಬತ್ತು ಕೈಗಳು ಗಾಳಿಯಲ್ಲೇ ನಿಂತವು. ಮೂವತ್ತೊಂಬತ್ತು ಜನ ತನ್ನನ್ನೇ ದುರುಗುಟ್ಟಿ ನೋಡುತ್ತಿದ್ದಾರೆಂದು ರೀಸ್ಟಾರ್ಟಪ್ಪನಿಗೆ ಅನಿಸಿತು. ಅವನ ಕಣ್ಣಿಗೆ ಕಟ್ಟಿದ್ದು ಮಾತ್ರ ಬೀಗ ಹಾಕಿದ ತರಗತಿಯ ಮೆಟ್ಟಿಲು.

ಕುರ್ಚಿ ಹಿಂದಕ್ಕೆ ತಳ್ಳಿ ಎದ್ದುನಿಂತ.

"ನಾನು ಬರಲ್ಲ ಸರ್! ನಾಳೆಯೂ ಬರಲ್ಲ, ನಾಳಿದ್ದೂ ಬರಲ್ಲ. ಹದಿನಾಲ್ಕು ಜನ ಆಫೀಸಿನಲ್ಲಿ ಕೂತು ಮೂರು ವಾರ ಹುಡುಕಿದ ದೋಷ ಇವತ್ತು ಎಲ್ಲಿ ಸಿಕ್ಕಿತು ಗೊತ್ತಾ? ಇದೇ ಮನೆಯಲ್ಲಿ, ಇದೇ ನೆಲದ ಮೇಲೆ! ನಂಬಿಕೆ ಇಲ್ಲದೆ ಇದ್ರೆ ಕೆಲಸ ನೋಡಿ, ನನ್ನ ಮುಖ ನೋಡ್ಬೇಡಿ. ಮೂರು ಗಂಟೆಗೆ ನನ್ನ ಮಗಳು ಬಸ್ಸಿನ ಕಿಟಕಿಯಿಂದ ಮೊದಲು ಹುಡುಕೋದು ನನ್ನನ್ನ. ಅಲ್ಲಿ ನಾನು ಇರ್ತೀನಿ. ನಿಮ್ಮ ಕೆಲಸ ಹೋದ್ರೂ ಸರಿ, ಅಲ್ಲಿ ನಿಂತೇ ನಿಂತಿರ್ತೀನಿ!"

ಮೇಜು ಗುದ್ದಿದ. ಚಿಕ್ಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಮಾಸ್ತರರು ಅಟೆನ್ಷನ್ ಆಗಿ ನಿಂತು ಸಲ್ಯೂಟ್ ಹೊಡೆದರು. ತೆರೆಯ ಮೇಲಿನ ಮುಖಗಳೆಲ್ಲ ಬಾಯಿ ತೆರೆದು, ಕಣ್ಣು ಕಿರಿದಾಗಿಸಿ, ಮುಂದಕ್ಕೆ ಬಾಗಿ ಅವನನ್ನೇ ನೋಡುತ್ತಿದ್ದವು. ಮಾತು ನಾಟಿತು ಎಂದುಕೊಂಡ ರೀಸ್ಟಾರ್ಟಪ್ಪ ಎದೆ ಸೆಟೆಸಿ ಉತ್ತರಕ್ಕೆ ಕಾದ.

ದೊಡ್ಡ ಸಾಹೇಬರು ಕಿವಿಯ ಹತ್ತಿರ ಕೈ ತಂದರು.

"ನಿಮ್ಮ ಧ್ವನಿ ಬಂದ್ ಆಗಿದೆ ಅಂತ ಕಾಣುತ್ತೆ, ಒಂದಕ್ಷರವೂ ಕೇಳಿಸ್ಲಿಲ್ಲ. ಇರ್ಲಿ ಬಿಡಿ, ನಾಳೆ ಆಫೀಸಿಗೆ ಬರ್ತೀರಲ್ಲ, ಎದುರಿಗೇ ಹೇಳುವಿರಂತೆ" ಎಂದು ನಕ್ಕು, ಸಭೆ ಮುಗಿಸಿದರು.